ಎರಡು ಬಾರಿ ಕಟ್ಟಿ ಎರಡು ಬಾರಿ ಮಾರಿದ ಕಾನಿ ಮ್ಯಾಕ್

ಅಮೆರಿಕದ ಫಿಲಡೆಲ್ಫಿಯಾ ನಗರದ ಇಪ್ಪತ್ತನೇ ಬೀದಿಯ ನಿವಾಸಿಗಳ ಪಾಲಿಗೆ 1935ರ ಬೇಸ್‌ಬಾಲ್ ಋತು ಎಂದರೆ ಒಂದು ತಗಡಿನ ಗೋಡೆ. ಶೈಬ್ ಪಾರ್ಕ್ ಕ್ರೀಡಾಂಗಣದ ಬಲಬದಿಯ ಗೋಡೆ ಅದುವರೆಗೆ 12 ಅಡಿ ಎತ್ತರವಷ್ಟೇ ಇತ್ತು. ಬೀದಿಯ ಆಚೆಗಿದ್ದ ಮನೆಗಳ ತಾರಸಿ ಏರಿದರೆ ಆಟ ಕಾಣುತ್ತಿತ್ತು. ಮನೆಯವರು ತಾರಸಿಯ ಮೇಲೆ ಬೆಂಚುಗಳನ್ನು ಜೋಡಿಸಿ, ಹಣ ಪಡೆದು ಜನರನ್ನು ಕೂರಿಸುತ್ತಿದ್ದರು. ಗೆಲುವಿನ ದಿನಗಳಲ್ಲಿ ಈ ಸಣ್ಣ ವ್ಯಾಪಾರವನ್ನು ಸಹಿಸಿಕೊಂಡಿದ್ದ ತಂಡದ ಒಡೆಯರು, ಆ ವರ್ಷ ಗೋಡೆಯ ಮೇಲೆ ಇನ್ನೂ 22 ಅಡಿ ಸುಕ್ಕುತಗಡನ್ನು ಏರಿಸಿದರು. ಜಗಳ ನ್ಯಾಯಾಲಯದವರೆಗೂ ಹೋಯಿತು. ಗೋಡೆ ಮಾತ್ರ ನಿಂತಿತು. ಊರಿನವರು ಅದನ್ನು ಹಗೆಯ ಬೇಲಿ ಎಂದೇ ಕರೆದರು.

ಗೋಡೆ ಏಳುವ ಹೊತ್ತಿಗೆ ಮರೆಮಾಡಲು ಒಳಗೆ ಹೆಚ್ಚೇನೂ ಉಳಿದಿರಲಿಲ್ಲ ಎಂಬುದು ಈ ಕಥೆಯ ವ್ಯಂಗ್ಯ. ನಾಲ್ಕು ವರ್ಷಗಳ ಹಿಂದೆ ಅಮೆರಿಕದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದ ಫಿಲಡೆಲ್ಫಿಯಾ ಅಥ್ಲೆಟಿಕ್ಸ್, 1935ರಲ್ಲಿ ಎಂಟು ತಂಡಗಳ ಲೀಗಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ತಾರೆಗಳನ್ನು ಒಬ್ಬೊಬ್ಬರನ್ನಾಗಿ ಮಾರಲಾಗಿತ್ತು. ಮಾರಿದವರು, ಅವರನ್ನು ಹುಡುಕಿ ತಂದು ಬೆಳೆಸಿದ್ದ ಕಾನಿ ಮ್ಯಾಕ್ ಅವರೇ.

ಬೇಸ್‌ಬಾಲ್ ಇತಿಹಾಸದಲ್ಲಿ ಮ್ಯಾಕ್ ಅವರಷ್ಟು ಪಂದ್ಯಗಳನ್ನು ಗೆದ್ದ ಮ್ಯಾನೇಜರ್ ಇನ್ನೊಬ್ಬರಿಲ್ಲ. ಅಷ್ಟು ಪಂದ್ಯಗಳನ್ನು ಸೋತವರೂ ಇಲ್ಲ. 53 ಋತುಗಳಲ್ಲಿ 3,731 ಗೆಲುವು, 3,948 ಸೋಲು. ಒಂಬತ್ತು ಬಾರಿ ಲೀಗ್ ಪ್ರಶಸ್ತಿ, ಐದು ಬಾರಿ ವರ್ಲ್ಡ್ ಸೀರೀಸ್, ಹದಿನೇಳು ಬಾರಿ ಕಡೆಯ ಸ್ಥಾನ. ಈ ಅಂಕಿಗಳ ಹಿಂದೆ ಒಂದು ನಗರದ ಅರ್ಧ ಶತಮಾನದ ಹಿಗ್ಗು ಮತ್ತು ಕೊರಗು ಎರಡೂ ಇವೆ.

<b>ಗಿರಣಿಯಿಂದ ಮೈದಾನಕ್ಕೆ</b>

ಮ್ಯಾಕ್ ಅವರ ನಿಜನಾಮ ಕಾರ್ನೀಲಿಯಸ್ ಮೆಕ್‌ಗಿಲಿಕಡಿ. 1862ರ ಡಿಸೆಂಬರ್‌ನಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಬ್ರೂಕ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ತಾಯಿ ಐರ್ಲೆಂಡಿನಿಂದ ವಲಸೆ ಬಂದವರು. ಬಾಲ್ಯದಲ್ಲೇ ಹತ್ತಿ ಗಿರಣಿಯಲ್ಲಿ, ಮುಂದೆ ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿದ ಹುಡುಗನಿಗೆ ಶಾಲೆ ಎಂಟನೇ ತರಗತಿಗೆ ಮುಗಿಯಿತು. ಎತ್ತರವಾಗಿ, ಕಡ್ಡಿಯಂತೆ ತೆಳ್ಳಗಿದ್ದ ಅವರು ಕ್ಯಾಚರ್ ಆದರು. ಕ್ರಿಕೆಟ್ಟಿನ ವಿಕೆಟ್ ಕೀಪರ್‌ನಂತೆ ದಾಂಡಿಗನ ಬೆನ್ನ ಹಿಂದೆ ಕೂರುವ ಕೆಲಸ ಅದು.

1886ರಲ್ಲಿ ವಾಷಿಂಗ್ಟನ್ ತಂಡದ ಮೂಲಕ ಉನ್ನತ ದರ್ಜೆಯ ಲೀಗಿಗೆ ಬಂದರು. ದಾಂಡಿಗರಾಗಿ ಅವರು ಸಾಧಾರಣ. ಉಪಾಯಗಳಲ್ಲಿ ಮಾತ್ರ ನಿಸ್ಸೀಮ. ಚೆಂಡು ಬ್ಯಾಟಿಗೆ ಸವರಿದ ಸದ್ದನ್ನು ತಾವೇ ಹೊರಡಿಸಿ ಅಂಪೈರ್ ಅವರನ್ನು ವಂಚಿಸುವುದು, ದಾಂಡಿಗ ಬೀಸುವ ಕ್ಷಣಕ್ಕೆ ಸರಿಯಾಗಿ ಬ್ಯಾಟನ್ನು ಮೆಲ್ಲಗೆ ತಾಗಿಸಿಬಿಡುವುದು ಅವರ ಕೈಚಳಕದ ಪಟ್ಟಿಯಲ್ಲಿದ್ದವು. ಮುಂದೆ ಸಜ್ಜನಿಕೆಗೆ ಹೆಸರಾದ ವ್ಯಕ್ತಿಯ ಯೌವನ ಇದು ಎಂದರೆ ನಂಬುವುದು ಕಷ್ಟ.

1890ರಲ್ಲಿ ಆಟಗಾರರೇ ಮಾಲೀಕರ ವಿರುದ್ಧ ಬಂಡೆದ್ದು ಪ್ಲೇಯರ್ಸ್ ಲೀಗ್ ಕಟ್ಟಿದಾಗ ಮ್ಯಾಕ್ ತಮ್ಮ ಉಳಿತಾಯದ ಹಣವನ್ನು ಬಫಲೋ ತಂಡದಲ್ಲಿ ತೊಡಗಿಸಿ ಆಡಿದರು. ಲೀಗ್ ಒಂದೇ ವರ್ಷಕ್ಕೆ ಮುಚ್ಚಿತು, ಹಣವೂ ಹೋಯಿತು. 1892ರಲ್ಲಿ ಪತ್ನಿ ತೀರಿಕೊಂಡಾಗ ಮೂರು ಎಳೆಯ ಮಕ್ಕಳ ಹೊಣೆ ಅವರ ಮೇಲೆ ಬಿತ್ತು. ಮೈದಾನದ ಗಳಿಕೆಯ ಹೊರತು ಅವರಿಗೆ ಬೇರೆ ಆಸ್ತಿ ಇರಲಿಲ್ಲ, ಮುಂದೆಯೂ ಆಗಲಿಲ್ಲ. ಅವರ ನಂತರದ ನಿರ್ಧಾರಗಳನ್ನೆಲ್ಲ ಅರಿಯಲು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ.

ಪಿಟ್ಸ್‌ಬರ್ಗ್‌ನಲ್ಲಿ ಮೂರು ಋತು ಆಟಗಾರ-ಮ್ಯಾನೇಜರ್ ಆಗಿ, ಬಳಿಕ ಮಿಲ್ವಾಕಿಯಲ್ಲಿ ನಾಲ್ಕು ವರ್ಷ ದುಡಿದ ಮ್ಯಾಕ್ ಅವರಿಗೆ 1901ರಲ್ಲಿ ಬಾಗಿಲು ತೆರೆಯಿತು. ಬ್ಯಾನ್ ಜಾನ್ಸನ್ ಎಂಬ ಸಂಘಟಕರು ಅಮೆರಿಕನ್ ಲೀಗನ್ನು ಪ್ರಮುಖ ಲೀಗ್ ಎಂದು ಘೋಷಿಸಿ, ಫಿಲಡೆಲ್ಫಿಯಾದಲ್ಲಿ ಹೊಸ ತಂಡ ಕಟ್ಟುವ ಹೊಣೆಯನ್ನು ಅವರಿಗೊಪ್ಪಿಸಿದರು. ಬೇಸ್‌ಬಾಲ್ ಸಾಮಗ್ರಿ ತಯಾರಿಸುತ್ತಿದ್ದ ಬೆನ್ ಶೈಬ್ ಅವರು ಅರ್ಧ ಪಾಲು ಕೊಂಡರು. ಮ್ಯಾಕ್ ಅವರಿಗೆ ನಾಲ್ಕನೇ ಒಂದು ಪಾಲು, ಉಳಿದದ್ದು ಇಬ್ಬರು ಕ್ರೀಡಾ ಪತ್ರಕರ್ತರಿಗೆ. ಪತ್ರಕರ್ತರ ಪಾಲನ್ನೂ ಕೆಲವು ವರ್ಷಗಳ ನಂತರ ಮ್ಯಾಕ್ ಕೊಂಡು ಅರ್ಧದ ಒಡೆಯರಾದರು. ವ್ಯವಹಾರದ ಲೆಕ್ಕ ಶೈಬ್ ಮನೆತನದ್ದು. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಆಡಿಸಬೇಕು ಎಂಬುದೆಲ್ಲ ಮ್ಯಾಕ್ ಅವರದು.

ಪ್ರತಿಸ್ಪರ್ಧಿ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಈ ಹೊಸ ತಂಡವನ್ನು ಬಿಳಿಯಾನೆ ಎಂದು ಗೇಲಿ ಮಾಡಿದರು. ಮ್ಯಾಕ್ ಬೇಸರಿಸಿಕೊಳ್ಳಲಿಲ್ಲ. ಆನೆಯನ್ನೇ ತಂಡದ ಲಾಂಛನವಾಗಿಸಿಕೊಂಡರು.

<b>ಮೊದಲ ಕಟ್ಟಡ, ಮೊದಲ ಕುಸಿತ</b>

ಸಮವಸ್ತ್ರ ತೊಡದೆ, ಗಟ್ಟಿ ಕಾಲರ್ ಮತ್ತು ಟೈ ಸಹಿತ ಸೂಟು ಧರಿಸಿ, ತಲೆಗೆ ಹ್ಯಾಟ್ ಇಟ್ಟು, ಕೈಯಲ್ಲಿ ಸುರುಳಿ ಸುತ್ತಿದ ಸ್ಕೋರ್ ಪಟ್ಟಿ ಹಿಡಿದು ಬೆಂಚಿನ ಮೇಲೆ ಕೂರುವುದು ಮ್ಯಾಕ್ ಅವರ ರೀತಿ. ಆ ಪಟ್ಟಿಯನ್ನು ಬೀಸಿಯೇ ದೂರದ ಫೀಲ್ಡರ್‌ಗಳನ್ನು ಅತ್ತಿತ್ತ ಸರಿಸುತ್ತಿದ್ದರು. ಗದರುವುದು, ಬೈಯುವುದು ಅಪರೂಪ. ಆಟಗಾರರು ಅವರನ್ನು ಕಡೆಯವರೆಗೂ ಮಿಸ್ಟರ್ ಮ್ಯಾಕ್ ಎಂದೇ ಕರೆದರು. ಕಾಲೇಜು ಓದಿದ ಹುಡುಗರನ್ನು ಹುಡುಕಿ ತಂದು, ತಪ್ಪು ಮಾಡಲು ಬಿಟ್ಟು, ಮರುದಿನ ಪಕ್ಕಕ್ಕೆ ಕರೆದು ತಿದ್ದುವುದು ಅವರ ಕ್ರಮ.

ಫಲ ಬೇಗನೇ ಕಂಡಿತು. 1902 ಮತ್ತು 1905ರಲ್ಲಿ ಲೀಗ್ ಪ್ರಶಸ್ತಿ ಬಂತು. 1909ರಲ್ಲಿ ಕಾಂಕ್ರೀಟು ಮತ್ತು ಉಕ್ಕಿನ ಮೊದಲ ಬೇಸ್‌ಬಾಲ್ ಕ್ರೀಡಾಂಗಣ ಶೈಬ್ ಪಾರ್ಕ್ ತಲೆ ಎತ್ತಿತು. 1910, 1911 ಮತ್ತು 1913ರಲ್ಲಿ ವರ್ಲ್ಡ್ ಸೀರೀಸ್ ಫಿಲಡೆಲ್ಫಿಯಾದ ಪಾಲಾಯಿತು. ಸ್ಟಫಿ ಮೆಕಿನಿಸ್, ಎಡ್ಡಿ ಕಾಲಿನ್ಸ್, ಜ್ಯಾಕ್ ಬ್ಯಾರಿ ಮತ್ತು ಫ್ರ್ಯಾಂಕ್ ಬೇಕರ್ ನಾಲ್ವರ ಒಳಾಂಗಣ ಪಡೆಯನ್ನು ಪತ್ರಿಕೆಗಳು ಲಕ್ಷ ಡಾಲರಿನ ಪಡೆ ಎಂದು ಕೊಂಡಾಡಿದವು.

ಆದರೆ ಗೆಲುವು ರೂಢಿಯಾದಾಗ ಜನ ಬರುವುದು ಕಡಿಮೆಯಾಯಿತು. 1913ರಲ್ಲಿ ಸುಮಾರು 5.7 ಲಕ್ಷ ಇದ್ದ ಪ್ರೇಕ್ಷಕರ ಸಂಖ್ಯೆ 1914ರಲ್ಲಿ, ತಂಡ ಮತ್ತೆ ಲೀಗ್ ಗೆದ್ದ ವರ್ಷದಲ್ಲೇ, 3.5 ಲಕ್ಷಕ್ಕೆ ಇಳಿಯಿತು. ಅದೇ ಸಮಯಕ್ಕೆ ಫೆಡರಲ್ ಲೀಗ್ ಎಂಬ ಹೊಸ ಸಂಸ್ಥೆ ದೊಡ್ಡ ಸಂಬಳದ ಆಮಿಷವೊಡ್ಡಿ ಆಟಗಾರರನ್ನು ಸೆಳೆಯತೊಡಗಿತು. ತಂಡದೊಳಗೆ ಸಂಬಳದ ಗುಸುಗುಸು ಹಬ್ಬಿತು. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಯಾರೂ ಲೆಕ್ಕಕ್ಕಿಟ್ಟಿರದ ಬಾಸ್ಟನ್ ಬ್ರೇವ್ಸ್ ತಂಡದೆದುರು ಅಥ್ಲೆಟಿಕ್ಸ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು.

ಮ್ಯಾಕ್ ಆಗ ಕೈಗೊಂಡ ತೀರ್ಮಾನ ಊರನ್ನು ಬೆಚ್ಚಿಬೀಳಿಸಿತು. ಹೊಸ ಲೀಗಿನ ಸಂಬಳಕ್ಕೆ ಸರಿಸಾಟಿಯಾಗಿ ಕೊಡುವ ಬದಲು ತಂಡವನ್ನೇ ಬಿಚ್ಚಿಹಾಕಿದರು. ಎಡ್ಡಿ ಕಾಲಿನ್ಸ್ ಅವರನ್ನು 50,000 ಡಾಲರಿಗೆ ಷಿಕಾಗೋ ವೈಟ್ ಸಾಕ್ಸ್‌ಗೆ ಮಾರಿದರು. ಪಿಚರ್‌ಗಳಾದ ಎಡ್ಡಿ ಪ್ಲ್ಯಾಂಕ್ ಮತ್ತು ಚೀಫ್ ಬೆಂಡರ್ ಫೆಡರಲ್ ಲೀಗಿಗೆ ನಡೆದರು. ಹೆಚ್ಚಿನ ಸಂಬಳ ಕೇಳಿದ ಬೇಕರ್ ಇಡೀ 1915ರ ಋತು ಆಡದೆ ಮನೆಯಲ್ಲೇ ಕುಳಿತರು. ಮರುವರ್ಷ 37,500 ಡಾಲರಿಗೆ ನ್ಯೂಯಾರ್ಕ್ ಯಾಂಕೀಸ್ ಪಾಲಾದರು. ಬ್ಯಾರಿ ಬಾಸ್ಟನ್ನಿಗೆ ಹೋದರು. ಮುಂದೆ ಮಹಾನ್ ಪಿಚರ್ ಎನಿಸಿದ ಹರ್ಬ್ ಪೆನಾಕ್ ಎಂಬ ಯುವಕನನ್ನೂ ಮ್ಯಾಕ್ ಬಾಸ್ಟನ್ನಿಗೇ ಬಿಟ್ಟುಕೊಟ್ಟರು.

1914ರಲ್ಲಿ 99 ಪಂದ್ಯ ಗೆದ್ದಿದ್ದ ತಂಡ 1915ರಲ್ಲಿ 43 ಗೆದ್ದು 109 ಸೋತಿತು. 1916ರಲ್ಲಿ 36 ಗೆಲುವು, 117 ಸೋಲು. 1900ರಿಂದೀಚಿನ ಅಮೆರಿಕದ ಉನ್ನತ ಬೇಸ್‌ಬಾಲ್‌ನಲ್ಲಿ ಗೆಲುವಿನ ಪ್ರಮಾಣ ಇಷ್ಟು ಕೆಳಗಿಳಿದ ಇನ್ನೊಂದು ತಂಡವಿಲ್ಲ. 2024ರಲ್ಲಿ 121 ಪಂದ್ಯ ಸೋತ ಷಿಕಾಗೋ ವೈಟ್ ಸಾಕ್ಸ್ ಸಹ ಪ್ರಮಾಣದಲ್ಲಿ ಇದಕ್ಕಿಂತ ಮೇಲು. ಜ್ಯಾಕ್ ನೇಬರ್ಸ್ ಎಂಬ ಪಿಚರ್ ಆ 1916ರಲ್ಲಿ ಒಂದು ಪಂದ್ಯ ಗೆದ್ದು 20 ಸೋತರು. ಕಡೆಯ ಸ್ಥಾನ 1921ರವರೆಗೆ, ಸತತ ಏಳು ವರ್ಷ, ಅಥ್ಲೆಟಿಕ್ಸ್‌ಗೆ ಮೀಸಲಾಯಿತು. ಇತ್ತ ಮಾರಿಹೋದ ಕಾಲಿನ್ಸ್ 1917ರಲ್ಲಿ ಷಿಕಾಗೋಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಬೇರೆ ಊರಿನ ಮೈದಾನದಲ್ಲಿ ತಮ್ಮ ಹುಡುಗರು ಮೆರೆಯುವುದನ್ನು ಫಿಲಡೆಲ್ಫಿಯಾದ ಅಭಿಮಾನಿ ಪತ್ರಿಕೆಯಲ್ಲಿ ಓದಬೇಕಾಯಿತು.

ಸಾಮಾನ್ಯವಾಗಿ ತಂಡ ಸೋತಾಗ ಅಭಿಮಾನಿಗಳು ಮ್ಯಾನೇಜರ್ ತೊಲಗಲಿ ಎನ್ನುತ್ತಾರೆ. ಮಾಲೀಕರು ಅವರನ್ನು ಕಿತ್ತೆಸೆದು ಜನರ ಸಿಟ್ಟನ್ನು ತಣಿಸುತ್ತಾರೆ. ಇಲ್ಲಿ ಆ ದಾರಿಯೇ ಇರಲಿಲ್ಲ. ಮ್ಯಾನೇಜರ್ ತಾವೇ ಒಡೆಯರು, ಆಟಗಾರರ ಆಯ್ಕೆಯೂ ಅವರದೇ. ದೂರು ಕೊಡಬೇಕಾದರೂ ಅವರಿಗೇ ಕೊಡಬೇಕು. ಜನರಿಗೆ ಉಳಿದದ್ದು ಒಂದೇ ಅಸ್ತ್ರ: ಟಿಕೆಟ್ ಕೊಳ್ಳದಿರುವುದು. 1915ರಲ್ಲಿ ವರ್ಷವಿಡೀ ಬಂದವರು 1.46 ಲಕ್ಷ ಮಂದಿ ಮಾತ್ರ. ಟಿಕೆಟ್ ಮಾರಾಟವಾಗದಿದ್ದರೆ ಹೊಸ ಆಟಗಾರರನ್ನು ತರಲು ಹಣವಿಲ್ಲ, ಹೊಸಬರು ಬಾರದೆ ಜನ ಬರುವುದಿಲ್ಲ. ಎರಡೂ ಕಡೆಯವರು ಪರಸ್ಪರರನ್ನು ದೂಷಿಸುತ್ತ ವರ್ಷಗಳು ಉರುಳಿದವು.

<b>ಮರಳಿ ಶಿಖರಕ್ಕೆ</b>

ಅದೇ ಮ್ಯಾಕ್, ಅರವತ್ತು ದಾಟಿದ ಮೇಲೆ, ಮತ್ತೊಮ್ಮೆ ತಂಡ ಕಟ್ಟಿದರು ಎಂಬುದು ಅವರ ಬದುಕಿನ ಅತ್ಯಂತ ಸೋಜಿಗದ ಭಾಗ. ಬಾಲ್ಟಿಮೋರ್‌ನ ಎಡಗೈ ಪಿಚರ್ ಲೆಫ್ಟಿ ಗ್ರೋವ್ ಅವರನ್ನು 1,00,600 ಡಾಲರ್ ತೆತ್ತು ತಂದರು. ಕೊನೆಯ 600 ಡಾಲರ್, ಬೇಬ್ ರೂತ್ ಅವರಿಗಾಗಿ ಯಾಂಕೀಸ್ ಕೊಟ್ಟ ಬೆಲೆಯನ್ನು ಮೀರಿಸಲೆಂದೇ ಸೇರಿಸಿದ್ದಂತೆ. ದಾಂಡಿಗ ಅಲ್ ಸಿಮನ್ಸ್, ಕ್ಯಾಚರ್ ಮಿಕಿ ಕಾಕ್ರನ್, ಹದಿಹರೆಯದ ಜಿಮ್ಮಿ ಫಾಕ್ಸ್ ಒಬ್ಬರ ಹಿಂದೊಬ್ಬರು ಬಂದರು. ಹಳೆಯ ಶಿಷ್ಯ ಕಾಲಿನ್ಸ್ ಕೂಡ 1927ರಲ್ಲಿ ಮರಳಿದರು.

1929ರಲ್ಲಿ ಅಥ್ಲೆಟಿಕ್ಸ್ 104 ಪಂದ್ಯ ಗೆದ್ದು, ರೂತ್ ಮತ್ತು ಗೆರಿಗ್ ಅವರ ಯಾಂಕೀಸ್ ತಂಡವನ್ನು 18 ಪಂದ್ಯಗಳ ಅಂತರದಿಂದ ಹಿಂದಿಕ್ಕಿತು. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಕ್ಕೆ ಮ್ಯಾಕ್ ತಮ್ಮ ಶ್ರೇಷ್ಠ ಪಿಚರ್‌ಗಳನ್ನು ಬಿಟ್ಟು, ಮುಪ್ಪಿನತ್ತ ಸಾಗಿದ್ದ ಹೊವರ್ಡ್ ಎಮ್ಕಿ ಅವರನ್ನು ಇಳಿಸಿದಾಗ ಸ್ವಂತ ಆಟಗಾರರೇ ಕಂಗಾಲಾದರು. ಎಮ್ಕಿ 13 ಮಂದಿಯನ್ನು ಔಟ್ ಮಾಡಿ ದಾಖಲೆ ಬರೆದರು. ನಾಲ್ಕನೇ ಪಂದ್ಯದಲ್ಲಿ 8-0 ಹಿನ್ನಡೆಯಲ್ಲಿದ್ದ ತಂಡ ಏಳನೇ ಇನ್ನಿಂಗ್ಸ್ ಒಂದರಲ್ಲೇ 10 ರನ್ ಗಳಿಸಿ ಗೆದ್ದಿತು. ಆ ಮಧ್ಯಾಹ್ನದ ಕಥೆಯನ್ನು ಫಿಲಡೆಲ್ಫಿಯಾದ ಅಜ್ಜಂದಿರು ದಶಕಗಳ ಕಾಲ ಹೇಳಿಕೊಂಡು ಬಂದರು. 1930ರಲ್ಲೂ ವರ್ಲ್ಡ್ ಸೀರೀಸ್ ಬಂತು. 1931ರಲ್ಲಿ 107 ಪಂದ್ಯ ಗೆದ್ದರೂ ಫೈನಲ್‌ನಲ್ಲಿ ಸೇಂಟ್ ಲೂಯಿಸ್ ಎದುರು 4-3ರಿಂದ ಸೋಲಾಯಿತು. ನಗರದ ಸೇವೆಗಾಗಿ ಅದುವರೆಗೆ ವಿದ್ವಾಂಸರಿಗೆ, ಕಲಾವಿದರಿಗೆ ಸಲ್ಲುತ್ತಿದ್ದ ಬಾಕ್ ಪ್ರಶಸ್ತಿ ಮ್ಯಾಕ್ ಅವರಿಗೆ ಸಂದಿತು.

ಇದಾದ ಮೇಲೆ ಎರಡನೆಯ ಮಾರಾಟ.

ಮಹಾ ಆರ್ಥಿಕ ಕುಸಿತ ಕಾರ್ಖಾನೆಗಳ ನಗರವಾದ ಫಿಲಡೆಲ್ಫಿಯಾವನ್ನು ಬಲವಾಗಿ ಹೊಡೆಯಿತು. 1929ರಲ್ಲಿ 8.39 ಲಕ್ಷವಿದ್ದ ಪ್ರೇಕ್ಷಕರು 1932ರಲ್ಲಿ 4.05 ಲಕ್ಷಕ್ಕೆ, 1933ರಲ್ಲಿ 2.97 ಲಕ್ಷಕ್ಕೆ ಇಳಿದರು. ಭಾನುವಾರ ಪಂದ್ಯ ಆಡಿಸುವುದನ್ನು ಪೆನ್ಸಿಲ್ವೇನಿಯಾದ ಹಳೆಯ ಧಾರ್ಮಿಕ ಕಾಯಿದೆ 1933ರವರೆಗೂ ನಿಷೇಧಿಸಿತ್ತು; ವಾರದಲ್ಲಿ ಆರು ದಿನ ದುಡಿಯುವ ಕಾರ್ಮಿಕ ಬರಬಹುದಾದ ಏಕೈಕ ದಿನವೇ ಮೈದಾನಕ್ಕೆ ಬೀಗ. ರಾತ್ರಿ ಪಂದ್ಯಗಳಿಗೆ ದೀಪ ಬಂದದ್ದು 1939ರಲ್ಲಿ. ಯಾಂಕೀಸ್ ಒಡೆಯ ಜೇಕಬ್ ರಪರ್ಟ್ ಅವರಿಗೆ ಬಿಯರ್ ಉದ್ಯಮವಿತ್ತು, ಬಾಸ್ಟನ್ ರೆಡ್ ಸಾಕ್ಸ್ ಕೊಂಡ ಟಾಮ್ ಯಾಕಿ ಅವರಿಗೆ ಪಿತ್ರಾರ್ಜಿತ ಸಂಪತ್ತಿತ್ತು. ಮ್ಯಾಕ್ ಅವರಿಗೆ ಇದ್ದದ್ದು ಟಿಕೆಟ್ ಕಿಟಕಿ ಮಾತ್ರ. ಮೇಲಾಗಿ ಗೆದ್ದ ತಂಡದ ಸಂಬಳದ ಹೊರೆ ಲೀಗಿನಲ್ಲೇ ದೊಡ್ಡದಾಗಿತ್ತು.

1932ರ ಸೆಪ್ಟೆಂಬರ್‌ನಲ್ಲಿ ಸಿಮನ್ಸ್, ಡೈಕ್ಸ್ ಮತ್ತು ಹಾಸ್ ಮೂವರೂ ಷಿಕಾಗೋಗೆ ಹೋದರು. 1933ರ ಡಿಸೆಂಬರ್‌ನಲ್ಲಿ ಗ್ರೋವ್ ಮತ್ತಿಬ್ಬರು ಬಾಸ್ಟನ್ನಿಗೆ, ಕಾಕ್ರನ್ 1 ಲಕ್ಷ ಡಾಲರಿಗೆ ಡೆಟ್ರಾಯಿಟ್‌ಗೆ. 1932 ಮತ್ತು 1933ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಎನಿಸಿದ್ದ ಫಾಕ್ಸ್ ಅವರಿಗೆ ಸಂಬಳ ಹೆಚ್ಚಿಸುವ ಬದಲು ಕಡಿತಗೊಳಿಸುವ ಪ್ರಸ್ತಾವ ಬಂತು. 1935ರ ಡಿಸೆಂಬರ್‌ನಲ್ಲಿ ಅವರನ್ನೂ ಮಾರಲಾಯಿತು. ಕಾಕ್ರನ್ ನಾಯಕತ್ವದ ಡೆಟ್ರಾಯಿಟ್ 1934ರಲ್ಲಿ ಲೀಗ್ ಗೆದ್ದು, 1935ರಲ್ಲಿ ವರ್ಲ್ಡ್ ಸೀರೀಸನ್ನೇ ಗೆದ್ದಿತು. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಎದ್ದದ್ದು ತಗಡಿನ ಗೋಡೆ.

ಋತುವಿನ ಆರಂಭದಲ್ಲಿ ಗೆಲುವಿನ ಆಸೆ ಹುಟ್ಟಿಸಿ ನಾಲ್ಕನೇ ಸ್ಥಾನದಲ್ಲಿ ಮುಗಿಸುವ ತಂಡವೇ ಲಾಭಕರ, ಏಕೆಂದರೆ ಜನರೂ ಬರುತ್ತಾರೆ, ಯಾರೂ ಸಂಬಳ ಏರಿಸಿ ಎನ್ನುವುದಿಲ್ಲ ಎಂಬ ಅಭಿಪ್ರಾಯ ಮ್ಯಾಕ್ ಅವರದೆಂದು ಪ್ರಚಲಿತದಲ್ಲಿದೆ. ಲೆಕ್ಕದ ಪುಸ್ತಕ ಹಿಡಿದು ನೋಡಿದರೆ ಆ ಮಾತು ತಪ್ಪಲ್ಲ. ಆದರೆ ಬಿಸಿಲಿನಲ್ಲಿ ಕೂತು ಕೂಗುವವನು ಲೆಕ್ಕದ ಪುಸ್ತಕ ನೋಡಲು ಬಂದಿರುವುದಿಲ್ಲ. 1914ರಲ್ಲಿ ಮಾರಾಟ ಅನಿವಾರ್ಯವಾಗಿತ್ತೇ ಎಂಬುದು ಚರ್ಚಾಸ್ಪದ. 1932ರ ನಂತರದ್ದು ಬಹುಮಟ್ಟಿಗೆ ಅನಿವಾರ್ಯವೇ ಇತ್ತು. ಮ್ಯಾಕ್ ಅವರ ನಿಜವಾದ ತಪ್ಪು ಮಾರಿದ್ದಲ್ಲ, ಮಾರಿದ ಮೇಲೆ ಮಾಡಿದ್ದು. ಇತರ ತಂಡಗಳು ಕೆಳದರ್ಜೆಯ ಲೀಗುಗಳಲ್ಲಿ ತಮ್ಮದೇ ಉಪತಂಡಗಳ ಜಾಲ ಕಟ್ಟಿ ಯುವಕರನ್ನು ಬೆಳೆಸುತ್ತಿದ್ದಾಗ, ಅವರು ಪರಿಚಯದ ಕೋಚ್‌ಗಳು, ಹಳೆಯ ಸ್ನೇಹಿತರು ಕಳಿಸುವ ಹುಡುಗರನ್ನೇ ನೆಚ್ಚಿ ಕುಳಿತರು. 1935ರಿಂದ 1946ರವರೆಗಿನ 12 ವರ್ಷಗಳಲ್ಲಿ ಒಂಬತ್ತು ಬಾರಿ ತಂಡ ಕಡೆಯ ಸ್ಥಾನದಲ್ಲಿತ್ತು.

<b>ಇಳಿಯಲೊಲ್ಲದ ವೃದ್ಧ</b>

1937ರಲ್ಲಿ ಬೇಸ್‌ಬಾಲ್ ಕೀರ್ತಿ ಮಂದಿರಕ್ಕೆ ಆಯ್ಕೆಯಾದ ಮ್ಯಾಕ್ ಅದೇ ವರ್ಷ ತಂಡದ ಅಧ್ಯಕ್ಷರೂ ಆದರು. ವಯಸ್ಸು 74. ಗೌರವದಿಂದ ಬೆಂಚು ಬಿಟ್ಟೇಳಲು ಅದು ಸಕಾಲವಾಗಿತ್ತು. ಅವರು ಇನ್ನೂ 13 ವರ್ಷ ಕುಳಿತರು. ಕೊನೆಕೊನೆಗೆ ನೆನಪು ಕೈಕೊಡತೊಡಗಿತು. ದಶಕಗಳ ಹಿಂದೆ ತಂಡ ಬಿಟ್ಟವರ ಹೆಸರು ಹಿಡಿದು ಬ್ಯಾಟ್ ಮಾಡಲು ಕರೆಯುತ್ತಿದ್ದರು. ಕೋಚ್‌ಗಳು ಸದ್ದಿಲ್ಲದೆ ಸೂಚನೆಗಳನ್ನು ಬದಲಿಸುತ್ತಿದ್ದರು. ಹೀಗಾದಾಗ ಎಚ್ಚರಿಸುವ ಅಧಿಕಾರ ಯಾರಿಗೂ ಇರಲಿಲ್ಲ.

ಈ ಕಾಲದ ಎರಡು ವಿನಿಮಯಗಳನ್ನು ಅಭಿಮಾನಿಗಳು ಮರೆಯಲೇ ಇಲ್ಲ. 1946ರಲ್ಲಿ ಜಾರ್ಜ್ ಕೆಲ್ ಎಂಬ ಯುವಕನನ್ನು ಬಾರ್ನಿ ಮೆಕಾಸ್ಕಿ ಬದಲಿಗೆ ಡೆಟ್ರಾಯಿಟ್‌ಗೆ ಕೊಡಲಾಯಿತು. 1949ರಲ್ಲಿ 21ರ ಹರೆಯದ ನೆಲ್ಲಿ ಫಾಕ್ಸ್ ಅವರನ್ನು ಜೋ ಟಿಪ್ಟನ್ ಎಂಬ ಕ್ಯಾಚರ್ ಬದಲಿಗೆ ಷಿಕಾಗೋಗೆ ಕಳಿಸಲಾಯಿತು. ಕೆಲ್ ಮತ್ತು ಫಾಕ್ಸ್ ಇಬ್ಬರೂ ಮುಂದೆ ಕೀರ್ತಿ ಮಂದಿರ ಸೇರಿದರು. ಬಂದವರು ಬಂದಂತೆಯೇ ಹೋದರು. ಇನ್ನು 1947ರಲ್ಲಿ ಬ್ರೂಕ್ಲಿನ್ ತಂಡ ಜ್ಯಾಕಿ ರಾಬಿನ್ಸನ್ ಅವರ ಮೂಲಕ ವರ್ಣಭೇದದ ಗೋಡೆ ಕೆಡವಿದರೂ, ಅಥ್ಲೆಟಿಕ್ಸ್ ತನ್ನ ಮೊದಲ ಕರಿಯ ಆಟಗಾರ ಬಾಬ್ ಟ್ರೈಸ್ ಅವರನ್ನು ಇಳಿಸಿದ್ದು 1953ರಲ್ಲಿ, ಮ್ಯಾಕ್ ಬೆಂಚು ಬಿಟ್ಟ ಮೇಲೆಯೇ.

ಯುದ್ಧಾನಂತರ ಒಂದು ಸಣ್ಣ ವಸಂತ ಬಂದಿತ್ತು. 1948ರಲ್ಲಿ ತಂಡ ಋತುವಿನ ಬಹುಭಾಗ ಪೈಪೋಟಿಯಲ್ಲಿದ್ದು ನಾಲ್ಕನೆಯದಾಗಿ ಮುಗಿಸಿತು, 9.45 ಲಕ್ಷ ಜನ ಬಂದರು. ಜನ ತಂಡವನ್ನು ತೊರೆದಿರಲಿಲ್ಲ, ಕಾರಣಕ್ಕಾಗಿ ಕಾದಿದ್ದರು ಎಂಬುದಕ್ಕೆ ಇದೊಂದೇ ಅಂಕಿ ಸಾಕು. 1950ರ ಸುವರ್ಣ ಮಹೋತ್ಸವದ ಋತುವಿನಲ್ಲಿ 52 ಗೆಲುವು, 102 ಸೋಲು, ಪ್ರೇಕ್ಷಕರು 3.1 ಲಕ್ಷ. ಒಳಗೆ ಮನೆಜಗಳವೂ ಹೊತ್ತಿಕೊಂಡಿತ್ತು. ಮೊದಲ ಪತ್ನಿಯ ಪುತ್ರರಾದ ರಾಯ್ ಮತ್ತು ಅರ್ಲ್ ಒಂದು ಕಡೆ, ಎರಡನೇ ಪತ್ನಿಯ ಪುತ್ರ ಕಾನಿ ಜೂನಿಯರ್ ಹಾಗೂ ಶೈಬ್ ಮನೆತನದವರು ಇನ್ನೊಂದು ಕಡೆ. ಎದುರಾಳಿಗಳ ಪಾಲು ಕೊಳ್ಳಲು ರಾಯ್ ಮತ್ತು ಅರ್ಲ್ ವಿಮಾ ಕಂಪನಿಯೊಂದರಲ್ಲಿ ಕ್ರೀಡಾಂಗಣ ಅಡವಿಟ್ಟು 17.5 ಲಕ್ಷ ಡಾಲರ್ ಸಾಲ ತಂದರು. ಗೆದ್ದವರ ಕೊರಳಿಗೆ ಬಿದ್ದದ್ದು ಸಾಲದ ಹಾರ.

1950ರ ಅಕ್ಟೋಬರ್ 18ರಂದು, 87ನೇ ವಯಸ್ಸಿನಲ್ಲಿ, ಮ್ಯಾಕ್ ನಿವೃತ್ತರಾದರು. 1953ರಲ್ಲಿ ಶೈಬ್ ಪಾರ್ಕ್‌ಗೆ ಅವರ ಹೆಸರನ್ನಿಡಲಾಯಿತು. ಮರುವರ್ಷ ನಗರದ ಮೇಯರ್ ಜೋಸೆಫ್ ಕ್ಲಾರ್ಕ್ ನೇತೃತ್ವದಲ್ಲಿ ತಂಡ ಉಳಿಸುವ ಆಂದೋಲನ ನಡೆಯಿತು. ಜನ ಸಭೆಗೆ ಬಂದರು, ಪಂದ್ಯಕ್ಕೆ ಬರಲಿಲ್ಲ. ಆ ಋತುವಿನಲ್ಲಿ 103 ಸೋಲು. ನವೆಂಬರ್‌ನಲ್ಲಿ ಷಿಕಾಗೋದ ಉದ್ಯಮಿ ಆರ್ನಾಲ್ಡ್ ಜಾನ್ಸನ್ ತಂಡವನ್ನು ಕೊಂಡು ಕಾನ್ಸಾಸ್ ಸಿಟಿಗೆ ಒಯ್ದರು. 1955ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಮೊದಲ ಪಂದ್ಯಕ್ಕೆ 92ರ ಮ್ಯಾಕ್ ಅತಿಥಿಯಾಗಿ ಬಂದಿದ್ದರು. 1956ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದಲ್ಲಿ ಅವರು ನಿಧನರಾದರು.

ತಂಡದ ಅಲೆದಾಟ ಅಲ್ಲಿಗೆ ನಿಲ್ಲಲಿಲ್ಲ. 1968ರಲ್ಲಿ ಓಕ್ಲೆಂಡ್‌ಗೆ ಹೋದ ಅಥ್ಲೆಟಿಕ್ಸ್ ಅಲ್ಲಿಯೂ ತಾರೆಗಳನ್ನು ಬೆಳೆಸಿ ಮಾರುವ ತಂಡವೆಂದೇ ಹೆಸರಾಯಿತು. 2023ರ ಜೂನ್ 13ರಂದು ಓಕ್ಲೆಂಡ್ ಅಭಿಮಾನಿಗಳು ಹೊಸ ಬಗೆಯ ಪ್ರತಿಭಟನೆ ಹೂಡಿದರು. ಬಹಿಷ್ಕರಿಸುವ ಬದಲು ಕ್ರೀಡಾಂಗಣ ತುಂಬಿಸಿ, ತಂಡ ಮಾರಿ ಎಂದು ಮಾಲೀಕ ಜಾನ್ ಫಿಶರ್ ಅವರನ್ನು ಆಗ್ರಹಿಸಿದರು. ಅಂದು ಬಂದವರು 27,759 ಮಂದಿ. 2024ರ ಋತುವಿನೊಂದಿಗೆ ತಂಡ ಓಕ್ಲೆಂಡ್ ತೊರೆಯಿತು. ಲಾಸ್ ವೇಗಸ್ ಸೇರುವ ಯೋಜನೆಯೊಂದಿಗೆ 2025ರಲ್ಲಿ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡತೊಡಗಿತು. ಮ್ಯಾಕ್ ಆಯ್ದುಕೊಂಡ ಆನೆ ಮಾತ್ರ ಊರೂರು ಸುತ್ತುತ್ತ ತಂಡದ ಜೊತೆಗೇ ಉಳಿದಿದೆ.

ಫಿಲಡೆಲ್ಫಿಯಾದ ಹಳೆಯ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ 1970ರಲ್ಲಿ ನಡೆಯಿತು. 1976ರಲ್ಲಿ ಅದನ್ನು, ತಗಡಿನ ಗೋಡೆಯ ಸಮೇತ, ಕೆಡವಲಾಯಿತು. ಆ ಜಾಗದಲ್ಲಿ ಈಗ ಚರ್ಚ್ ಇದೆ. ಕ್ರೀಡಾಂಗಣದ ಎದುರು 1957ರಲ್ಲಿ ಸ್ಥಾಪಿಸಿದ್ದ ಮ್ಯಾಕ್ ಪ್ರತಿಮೆ, ಕೈಯಲ್ಲಿ ಸ್ಕೋರ್ ಪಟ್ಟಿ ಬೀಸುತ್ತ, ಇಂದು ನಗರದ ಇನ್ನೊಂದು ತಂಡವಾದ ಫಿಲ್ಲೀಸ್‌ನ ಮೈದಾನದ ಹೊರಗೆ ನಿಂತಿದೆ.